ದ್ರವ–ಆವಿ ಸಮತೋಲನ

ಮುಚ್ಚಿದ ಪಾತ್ರೆಯಲ್ಲಿ ಒಂದು ದ್ರವ ಮತ್ತು ಅದರದೇ ಆವಿ ಒಂದೇ ಉಷ್ಣತೆಯಲ್ಲಿ ಜೊತೆಗಿದ್ದು, ಎಷ್ಟು ಹೊತ್ತು ಬಿಟ್ಟರೂ ದ್ರವ ಕಡಿಮೆಯಾಗದೆ, ಆವಿಯ ಒತ್ತಡ ಏರದೆ ಇರುವ ಸ್ಥಿತಿಯನ್ನು ದ್ರವ–ಆವಿ ಸಮತೋಲನ ಎನ್ನುತ್ತಾರೆ. ಅರ್ಧ ತುಂಬಿದ ನೀರಿನ ಬಾಟಲಿಗೆ ಬಿರಡೆ ಬಿಗಿದಿಟ್ಟರೆ ಸ್ವಲ್ಪ ಹೊತ್ತಿನಲ್ಲೇ ಅದರೊಳಗೆ ಈ ಸ್ಥಿತಿ ಬಂದಿರುತ್ತದೆ. ಹೊರಗಿನಿಂದ ನೋಡುವವರಿಗೆ ಏನೂ ನಡೆಯುತ್ತಿಲ್ಲ. ಒಳಗೆ ಮಾತ್ರ ನೀರಿನ ಮೇಲ್ಮೈಯಿಂದ ಕ್ಷಣಕ್ಷಣಕ್ಕೂ ಅಸಂಖ್ಯ ಅಣುಗಳು ಜಿಗಿದು ಆವಿಯಾಗುತ್ತಿರುತ್ತವೆ, ಅಷ್ಟೇ ಅಣುಗಳು ಆವಿಯಿಂದ ಮರಳಿ ನೀರಿಗೆ ಬೀಳುತ್ತಿರುತ್ತವೆ. ಹೋಗುವ ಲೆಕ್ಕ, ಬರುವ ಲೆಕ್ಕ ಸರಿಸಮವಾದ್ದರಿಂದ ಒಟ್ಟು ಬದಲಾವಣೆ ಸೊನ್ನೆ. ಇದನ್ನು ಚಲನಶೀಲ ಸಮತೋಲನ ಎನ್ನುವುದು ಈ ಕಾರಣಕ್ಕೆ.

ಆಗ ಆವಿ ಬೀರುವ ಒತ್ತಡವೇ ಆ ದ್ರವದ ಆವಿ ಒತ್ತಡ. ಶುದ್ಧ ದ್ರವವಾದರೆ ಅದು ಉಷ್ಣತೆಯೊಂದನ್ನೇ ಅವಲಂಬಿಸುತ್ತದೆ; ಪಾತ್ರೆ ದೊಡ್ಡದೋ ಚಿಕ್ಕದೋ, ದ್ರವ ಒಂದು ಚಮಚೆಯೋ ಒಂದು ಕೊಡವೋ ಎಂಬುದು ಲೆಕ್ಕಕ್ಕಿಲ್ಲ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರಿನ ಆವಿ ಒತ್ತಡ 17.5 ಮಿ.ಮೀ. ಪಾದರಸ. ಅದೇ ಉಷ್ಣತೆಯಲ್ಲಿ ಎಥನಾಲಿನದು ಸುಮಾರು 44, ಈಥರಿನದು ಸುಮಾರು 440. ಪಾದರಸದ ಸ್ವಂತ ಆವಿ ಒತ್ತಡ 0.0012 ಮಿ.ಮೀ. ಮಾತ್ರ. ಆದರೂ ಥರ್ಮಾಮೀಟರ್ ಒಡೆದು ಚೆಲ್ಲಿದ ಪಾದರಸವನ್ನು ಮುಚ್ಚಿದ ಕೋಣೆಯಲ್ಲಿ ಬಿಡಬಾರದು. ಸಮತೋಲನ ಬರುವ ತನಕ ಅದು ಆವಿಯಾಗುತ್ತ ಹೋದರೆ ಗಾಳಿಯಲ್ಲಿ ಸೇರುವ ಪಾದರಸ ಸುರಕ್ಷಿತ ಮಿತಿಯ ನೂರು ಪಟ್ಟನ್ನೂ ಮೀರುತ್ತದೆ.

ಪ್ರಮಾಣ ಲೆಕ್ಕಕ್ಕಿಲ್ಲ ಎಂಬ ಮಾತಿನ ಪುರಾವೆ ಅಡುಗೆಮನೆಯಲ್ಲೇ ಇದೆ. 14.2 ಕಿಲೋ ಗ್ಯಾಸ್ ಸಿಲಿಂಡರಿನೊಳಗೆ ಇರುವುದು ಬಹುಪಾಲು ದ್ರವ, ಮೇಲೆ ಅದರ ಆವಿ. ಒಲೆ ಉರಿಸಿದಾಗ ಖರ್ಚಾದಷ್ಟು ಆವಿಯನ್ನು ದ್ರವ ತಕ್ಷಣ ತುಂಬಿಕೊಡುತ್ತದೆ, ಹಾಗಾಗಿ ತುಂಬಿದ ಸಿಲಿಂಡರಿಗೂ ಮುಕ್ಕಾಲು ಖಾಲಿಯಾದ ಸಿಲಿಂಡರಿಗೂ ಒತ್ತಡದಲ್ಲಿ ಅಂಥ ವ್ಯತ್ಯಾಸವಿಲ್ಲ. ಒತ್ತಡದ ಮಾಪಕ ಜೋಡಿಸಿ ಎಷ್ಟು ಉಳಿದಿದೆ ಎಂದು ತಿಳಿಯುವುದು ಆಗದ ಕೆಲಸ, ತೂಕ ಹಾಕಬೇಕು. ಇಲ್ಲವೇ ಗೃಹಿಣಿಯರು ಮಾಡುವಂತೆ ಒದ್ದೆ ಬಟ್ಟೆಯಿಂದ ಸಿಲಿಂಡರನ್ನು ಒರೆಸಿ ನೋಡಬೇಕು: ಒಳಗೆ ದ್ರವವಿರುವ ಮಟ್ಟದ ತನಕ ಲೋಹ ತಂಪಾಗಿದ್ದು ತೇವ ನಿಧಾನವಾಗಿ ಆರುತ್ತದೆ, ಅದರ ಮೇಲಿನ ಭಾಗ ಬೇಗ ಒಣಗುತ್ತದೆ. ಈ ಅನಿಲ ಪ್ರೊಪೇನ್ ಮತ್ತು ಬ್ಯೂಟೇನ್‌ಗಳ ಮಿಶ್ರಣ. 25 ಡಿಗ್ರಿಯಲ್ಲಿ ಪ್ರೊಪೇನಿನ ಆವಿ ಒತ್ತಡ ಸುಮಾರು 9.5 ಬಾರ್, ಬ್ಯೂಟೇನಿನದು 2.4 ಬಾರ್. ಆದ್ದರಿಂದ ಮೊದಮೊದಲು ಹೊರಬರುವ ಆವಿಯಲ್ಲಿ ಪ್ರೊಪೇನ್ ಹೆಚ್ಚು, ಕೊನೆಗುಳಿಯುವ ದ್ರವದಲ್ಲಿ ಬ್ಯೂಟೇನ್ ಹೆಚ್ಚು. ಮಿಶ್ರಣಗಳ ಈ ಪಕ್ಷಪಾತವೇ ರಾಸಾಯನಿಕ ಉದ್ಯಮದ ದೊಡ್ಡ ಬಂಡವಾಳ. ಆ ವಿಚಾರ ಮುಂದೆ ಬರುತ್ತದೆ.

ಆವಿ ಒತ್ತಡವನ್ನು ಕ್ರಮಬದ್ಧವಾಗಿ ಅಳೆದ ಮೊದಲಿಗರಲ್ಲಿ ಒಬ್ಬ ಇಂಗ್ಲೆಂಡಿನ ಜಾನ್ ಡಾಲ್ಟನ್. 1801ರ ಸುಮಾರಿಗೆ ಅವನು ವಾಯುಭಾರ ಮಾಪಕದ ಕೊಳವೆಯಲ್ಲಿ ಪಾದರಸದ ಮೇಲಿನ ನಿರ್ವಾತಕ್ಕೆ ಒಂದೆರಡು ಹನಿ ದ್ರವ ಸೇರಿಸಿ, ಪಾದರಸ ಎಷ್ಟು ಕೆಳಗಿಳಿಯುತ್ತದೆ ಎಂದು ನೋಡಿದ. ಆ ಜಾಗದಲ್ಲಿ ಮೊದಲೇ ಗಾಳಿ ಇದ್ದರೂ ನೀರಿನ ಆವಿ ತನ್ನ ಪಾಲಿನ ಒತ್ತಡವನ್ನು ಹಾಗೆಯೇ ಸೇರಿಸುತ್ತದೆ ಎಂಬುದು ಅವನ ದೊಡ್ಡ ಶೋಧ. ಗಾಳಿ ನೀರನ್ನು ಹೀರುತ್ತದೆ, ಗಾಳಿ ಇಷ್ಟು ನೀರನ್ನು ಹಿಡಿದುಕೊಳ್ಳುತ್ತದೆ ಎಂದು ಇಂದಿಗೂ ಹೇಳುವುದುಂಟು. ಡಾಲ್ಟನ್ ಅದನ್ನು ಇನ್ನೂರು ವರ್ಷಗಳ ಹಿಂದೆಯೇ ಅಲ್ಲಗಳೆದಿದ್ದ. ಗಾಳಿ ಅಲ್ಲಿ ಕೇವಲ ಪ್ರೇಕ್ಷಕ. ಕುದಿಬಿಂದುವಿನಿಂದ ಸಮಾನ ದೂರದಲ್ಲಿ ಎಲ್ಲ ದ್ರವಗಳ ಆವಿ ಒತ್ತಡವೂ ಒಂದೇ ಎಂಬ ಅವನ ಇನ್ನೊಂದು ನಿಯಮ ಮಾತ್ರ ನಂತರದ ಅಳತೆಗಳ ಮುಂದೆ ನಿಲ್ಲಲಿಲ್ಲ. 1840ರ ದಶಕದಲ್ಲಿ ಉಗಿಯಂತ್ರಗಳಿಗೆ ಬೇಕಾದ ಅಂಕಿಅಂಶಗಳಿಗಾಗಿ ಫ್ರೆಂಚ್ ಸರ್ಕಾರ ಆಂರಿ ವಿಕ್ತೋರ್ ರೆನೋನನ್ನು ಕೆಲಸಕ್ಕೆ ಹಚ್ಚಿತು. 1847ರಲ್ಲಿ ಅವನು ಪ್ರಕಟಿಸಿದ ನೀರಿನ ಆವಿಯ ಕೋಷ್ಟಕಗಳನ್ನು ಎಂಜಿನಿಯರುಗಳು ದಶಕಗಳ ಕಾಲ ನೆಚ್ಚಿಕೊಂಡಿದ್ದರು.

ಉಷ್ಣತೆ ಏರಿದಂತೆ ಆವಿ ಒತ್ತಡ ಏರುವುದು ನೇರ ಗೆರೆಯಲ್ಲಲ್ಲ, ಕಡಿದಾದ ವಕ್ರರೇಖೆಯಲ್ಲಿ. ನೀರಿಗೆ ಅದು 0 ಡಿಗ್ರಿಯಲ್ಲಿ 4.6 ಮಿ.ಮೀ., 30ರಲ್ಲಿ 31.8, 50ರಲ್ಲಿ 92.5, 80ರಲ್ಲಿ 355, 100ರಲ್ಲಿ 760. ಈ ಏರಿಕೆಯ ವೇಗವನ್ನು ದ್ರವದ ಗುಪ್ತೋಷ್ಣಕ್ಕೆ (ಅದನ್ನು ಆವಿಯಾಗಿಸಲು ಬೇಕಾದ ಶಾಖಕ್ಕೆ) ಜೋಡಿಸುವ ಸೂತ್ರವನ್ನು 1834ರಲ್ಲಿ ಕ್ಲಾಪೇರಾನ್ ಕೊಟ್ಟ, 1850ರಲ್ಲಿ ಕ್ಲಾಸಿಯಸ್ ತಿದ್ದಿ ಗಟ್ಟಿಮಾಡಿದ. ನೀರಿನ ಗುಪ್ತೋಷ್ಣ ಹೆಚ್ಚು, ಕಿಲೋಗ್ರಾಮಿಗೆ 2257 ಕಿಲೋಜೂಲ್. ಅಣುಗಳನ್ನು ಕಟ್ಟಿಹಾಕಿರುವ ಹೈಡ್ರೋಜನ್ ಬಂಧಗಳನ್ನು ಹರಿಯಲು ಬೇಕಾದ ವೆಚ್ಚವಿದು. 1888ರಲ್ಲಿ ಫ್ರಾನ್ಸಿನ ಆಂಟ್ವಾನ್ ಮೂರು ಸ್ಥಿರಾಂಕಗಳ ಸರಳ ಸಮೀಕರಣವೊಂದನ್ನು ಮುಂದಿಟ್ಟ. ಅದರ ಸೈದ್ಧಾಂತಿಕ ತಳಹದಿ ತೆಳುವಾದದ್ದೇ. ಆದರೆ ಲೆಕ್ಕಕ್ಕೆ ಒದಗುತ್ತದೆ, ಹಾಗಾಗಿ ಕಾರ್ಖಾನೆಯ ವಿನ್ಯಾಸಕಾರರ ಕೈಬಿಟ್ಟು ಹೋಗಿಲ್ಲ.

ಶಾಲೆಯ ಪುಸ್ತಕಗಳು ನೀರಿನ ಕುದಿಬಿಂದು 100 ಡಿಗ್ರಿ ಎಂದು ಬರೆದು ಮುಂದೆ ಹೋಗುತ್ತವೆ. ಇದರಿಂದ ಕುದಿಯುವುದು ನೀರಿನ ಸ್ವಭಾವಕ್ಕೆ ಅಂಟಿಕೊಂಡ ಒಂದು ಅಂಕಿ ಎಂಬ ತಪ್ಪು ಕಲ್ಪನೆ ಬೇರೂರುತ್ತದೆ. ವಾಸ್ತವದಲ್ಲಿ ದ್ರವದ ಆವಿ ಒತ್ತಡ ಹೊರಗಿನ ಒತ್ತಡಕ್ಕೆ ಸಮವಾದಾಗ ದ್ರವದೊಳಗೇ ಗುಳ್ಳೆಗಳು ಹುಟ್ಟಿ ನಿಲ್ಲಬಲ್ಲವು, ಅದೇ ಕುದಿತ. ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವ ಬೆಂಗಳೂರಿನಲ್ಲಿ ನೀರು ಕುದಿಯುವುದು ಸುಮಾರು 97 ಡಿಗ್ರಿಗೆ, ಮುಳ್ಳಯ್ಯನಗಿರಿಯ ತುದಿಯಲ್ಲಿ 94ರ ಹತ್ತಿರ, ಲೇಹ್‌ನಲ್ಲಿ 88ರ ಆಸುಪಾಸು, ಎವರೆಸ್ಟಿನ ನೆತ್ತಿಯಲ್ಲಿ ಸುಮಾರು 71ಕ್ಕೆ. ಎತ್ತರದಲ್ಲಿ ಬೇಳೆ ಬೇಯಲು ಸತಾಯಿಸುವುದು ಇದರಿಂದ. ಕುದಿಯುತ್ತಿದೆ ಎಂದು ಉರಿ ಹೆಚ್ಚಿಸಿದರೆ ನೀರು ಬೇಗ ಆರುತ್ತದೆಯೇ ಹೊರತು ಉಷ್ಣತೆ ಏರುವುದಿಲ್ಲ.

ದೆನಿ ಪಾಪಾಂ 1679ರಲ್ಲಿ ಲಂಡನ್ನಿನಲ್ಲಿ ತೋರಿಸಿದ ಬಿಗಿಮುಚ್ಚಳದ ಪಾತ್ರೆ ಇದೇ ನಿಯಮವನ್ನು ತಿರುವುಮುರುವಾಗಿ ಬಳಸಿತು. ಅದರ ವಂಶದ ಕುಡಿಯಾದ ಪ್ರೆಷರ್ ಕುಕ್ಕರಿನ ವೆಯ್ಟ್ ಹೊರಗಿನ ಒತ್ತಡದ ಮೇಲೆ ಸುಮಾರು ಒಂದು ಬಾರ್ ಸೇರಿಸುತ್ತದೆ. ಬೆಂಗಳೂರಿನಲ್ಲಿ ಸೀಟಿ ಹೊಡೆಯುವಾಗ ಒಳಗಿನ ನೀರು ಸರಿಸುಮಾರು 119 ಡಿಗ್ರಿಯಲ್ಲಿರುತ್ತದೆ. ಅದೇ ಕುಕ್ಕರನ್ನು ಲೇಹ್‌ಗೆ ಒಯ್ದರೆ 115ರ ಹತ್ತಿರವೇ ನಿಲ್ಲುತ್ತದೆ, ಏಕೆಂದರೆ ವೆಯ್ಟ್ ಕೂಡಿಸುವುದು ಅಲ್ಲಿನ ತೆಳುಗಾಳಿಯ ಒತ್ತಡಕ್ಕೆ.

ವಾತಾವರಣದ ತೇವಾಂಶವೂ ಇದೇ ಸಮತೋಲನದಿಂದ ಎಷ್ಟು ದೂರವಿದ್ದೇವೆ ಎಂಬುದರ ಅಳತೆ. 30 ಡಿಗ್ರಿಯಲ್ಲಿ ಒಂದು ಘನ ಮೀಟರ್ ಜಾಗದಲ್ಲಿ ಇರಬಹುದಾದ ನೀರಾವಿ ಸುಮಾರು 30 ಗ್ರಾಂ, 20 ಡಿಗ್ರಿಯಲ್ಲಿ 17 ಗ್ರಾಂ. ಮಳೆಗಾಲದ ಮಂಗಳೂರಿನಲ್ಲಿ ಸಾಪೇಕ್ಷ ಆರ್ದ್ರತೆ ನೂರರ ಹತ್ತಿರ ಸುಳಿಯುವಾಗ ಹಗ್ಗದ ಮೇಲಿನ ಬಟ್ಟೆಯಿಂದ ಹೊರಟಷ್ಟೇ ಅಣುಗಳು ಹಿಂತಿರುಗುತ್ತಿರುತ್ತವೆ. ಮೂರು ದಿನವಾದರೂ ಆರದ ಪಂಚೆ ಸಮತೋಲನಕ್ಕೆ ಒಳ್ಳೆಯ ಸಾಕ್ಷಿ.

ಶುದ್ಧ ದ್ರವದ ಕಥೆ ಇಲ್ಲಿಗೆ ಮುಗಿಯುತ್ತದೆ. ವಿಷಯ ರಂಗೇರುವುದು ಎರಡು ಪದಾರ್ಥ ಬೆರೆತಾಗ.

ಗ್ರೆನೋಬಲ್‌ನ ಪ್ರಾಧ್ಯಾಪಕ ಫ್ರಾನ್ಸ್ವಾ ಮಾರಿ ರೌಲ್ಟ್ ಈಥರಿನಲ್ಲಿ ಬಗೆಬಗೆಯ ಪದಾರ್ಥಗಳನ್ನು ಕರಗಿಸಿ ಆವಿ ಒತ್ತಡ ಅಳೆದು, 1887ರಲ್ಲಿ ತನ್ನ ನಿಯಮವನ್ನು ಪ್ರಕಟಿಸಿದ: ದ್ರಾವಣದ ಮೇಲೆ ಒಂದು ಘಟಕದ ಆವಿ ಒತ್ತಡ, ಆ ಘಟಕ ಒಂಟಿಯಾಗಿದ್ದಾಗ ಇರುತ್ತಿದ್ದ ಒತ್ತಡವನ್ನು ದ್ರವದಲ್ಲಿ ಅದಕ್ಕಿರುವ ಮೋಲ್ ಪಾಲಿನಿಂದ ಗುಣಿಸಿದಷ್ಟು. ನೂರು ಅಣುಗಳಲ್ಲಿ ಐವತ್ತು ಮಾತ್ರ ನೀರಾಗಿದ್ದರೆ, ನೀರು ಬೀರುವ ಆವಿ ಒತ್ತಡವೂ ಅರ್ಧ.

ಮಂಡ್ಯದ ಕಡೆಯ ಆಲೆಮನೆಗಳಲ್ಲಿ ಇದನ್ನು ದಿನವೂ ಕಾಣಬಹುದು. ಕಬ್ಬಿನ ಹಾಲು ಕೊಪ್ಪರಿಗೆಗೆ ಬಿದ್ದಾಗ ಹೆಚ್ಚುಕಡಿಮೆ ನೀರಿನಂತೆಯೇ ಕುದಿಯಲು ಶುರುವಾಗುತ್ತದೆ. ನೀರು ಹಾರಿ ಸಕ್ಕರೆ ಗಟ್ಟಿಯಾದಂತೆ ಉಳಿದ ನೀರಿನ ಆವಿ ಒತ್ತಡ ಕುಗ್ಗುತ್ತದೆ. ಅದು ಮತ್ತೆ ಹೊರಗಿನ ಒತ್ತಡವನ್ನು ಸರಿಗಟ್ಟಬೇಕಾದರೆ ಪಾಕ ಇನ್ನಷ್ಟು ಕಾಯಬೇಕು. ಬೆಲ್ಲದ ಹದಕ್ಕೆ ಬರುವ ಹೊತ್ತಿಗೆ ಪಾಕದ ಉಷ್ಣತೆ 116–118 ಡಿಗ್ರಿ ಮುಟ್ಟಿರುತ್ತದೆ. ಪಾಕ ಹಿಡಿಯುವವನ ಬಳಿ ಥರ್ಮಾಮೀಟರ್ ಇರುವುದಿಲ್ಲ. ಒಂದು ಚೂರು ಪಾಕವನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉರುಳಿಸಿ, ಉಂಡೆ ಕಟ್ಟಿತೆಂದರೆ ಕೊಪ್ಪರಿಗೆ ಇಳಿಸು ಎನ್ನುತ್ತಾನೆ. ಅವನು ಪರೀಕ್ಷಿಸುತ್ತಿರುವುದು ಉಳಿದ ನೀರಿನ ಪ್ರಮಾಣವನ್ನು, ಕುದಿಬಿಂದು ತೋರಿಸುವುದೂ ಅದನ್ನೇ. ರೌಲ್ಟನ ನಿಯಮ ಅಚ್ಚುಕಟ್ಟಾಗಿ ಹೊಂದುವುದು ತೆಳು ದ್ರಾವಣಗಳಿಗೆ ಎಂಬುದನ್ನೂ ಇಲ್ಲಿ ಹೇಳಬೇಕು. ಇಷ್ಟು ಗಟ್ಟಿ ಪಾಕದಲ್ಲಿ ಅದು ದಿಕ್ಕನ್ನು ಸರಿಯಾಗಿ ಹೇಳುತ್ತದೆ, ಅಂಕಿಯನ್ನಲ್ಲ.

ಸಕ್ಕರೆಗೆ ಆವಿಯಾಗುವ ಗುಣವಿಲ್ಲ. ಎರಡೂ ಘಟಕಗಳು ಆವಿಯಾಗುವಂಥವಾದರೆ ಇನ್ನೊಂದು ಫಲ ಕೈಗೆ ಬರುತ್ತದೆ. ಬೆಂಜೀನ್ ಮತ್ತು ಟಾಲ್ವೀನ್ ಒಂದನ್ನೊಂದು ಹೋಲುವ ಅಣುಗಳು, ರೌಲ್ಟನ ನಿಯಮಕ್ಕೆ ವಿಧೇಯ. 25 ಡಿಗ್ರಿಯಲ್ಲಿ ಅವುಗಳ ಆವಿ ಒತ್ತಡ ಕ್ರಮವಾಗಿ 95 ಮತ್ತು 28 ಮಿ.ಮೀ. ಎರಡನ್ನೂ ಸಮಸಮ ಮೋಲ್ ಬೆರೆಸಿದರೆ ಮೇಲಿನ ಆವಿಯಲ್ಲಿ ಬೆಂಜೀನಿನ ಪಾಲು ಶೇಕಡಾ 77. ಆ ಆವಿಯನ್ನಷ್ಟೇ ತಣಿಸಿ ದ್ರವವಾಗಿಸಿ, ಅದರೊಡನೆ ಸಮತೋಲನದಲ್ಲಿರುವ ಆವಿ ತೆಗೆದರೆ ಶೇಕಡಾ 92. ಇನ್ನೊಮ್ಮೆ ಮಾಡಿದರೆ 97. ಹಗುರ ಘಟಕ ಮೆಟ್ಟಿಲು ಮೆಟ್ಟಿಲಾಗಿ ಮೇಲೇರುತ್ತದೆ, ಭಾರದ್ದು ಕೆಳಗೆ ಸೇರುತ್ತದೆ. ಆಂಶಿಕ ಆಸವನವೆಂದರೆ ಇಷ್ಟೇ. ಮಂಗಳೂರಿನ ಸಂಸ್ಕರಣಾಗಾರದಲ್ಲಿ ಕಚ್ಚಾತೈಲವನ್ನು ಪೆಟ್ರೋಲು, ಸೀಮೆಎಣ್ಣೆ, ಡೀಸೆಲ್ ಎಂದು ವಿಂಗಡಿಸುವ ಗೋಪುರದೊಳಗೆ ಒಂದರ ಮೇಲೊಂದು ಜೋಡಿಸಿದ ತಟ್ಟೆಗಳ ಮೇಲೆ ಇಳಿಯುವ ದ್ರವವೂ ಏರುವ ಆವಿಯೂ ಸಂಧಿಸಿ, ಸಮತೋಲನದತ್ತ ಸರಿದು, ಮತ್ತೆ ಬೇರಾಗುತ್ತವೆ. ಗೋಪುರಕ್ಕೆ ಎಷ್ಟು ತಟ್ಟೆ ಬೇಕು ಎಂಬುದನ್ನು ಕಾಗದದ ಮೇಲೆ ಮೆಟ್ಟಿಲುಗಳನ್ನು ಗೀಚಿಯೇ ಎಣಿಸುವ ವಿಧಾನವನ್ನು 1925ರಲ್ಲಿ ಮೆಕೇಬ್ ಮತ್ತು ಥೀಲೆ ರೂಪಿಸಿದರು. ಕಂಪ್ಯೂಟರ್ ಬಂದ ಮೇಲೂ ಕೆಮಿಕಲ್ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಆ ಮೆಟ್ಟಿಲು ಗೀಚದೆ ಪಾಸಾಗುವುದಿಲ್ಲ.

ಗಾಳಿಯನ್ನೂ ಹೀಗೆಯೇ ಒಡೆಯುತ್ತಾರೆ. ದ್ರವರೂಪಕ್ಕೆ ತಂದ ಗಾಳಿಯಲ್ಲಿ ನೈಟ್ರೋಜನ್ ಮೈನಸ್ 196 ಡಿಗ್ರಿಗೆ ಕುದಿದರೆ ಆಕ್ಸಿಜನ್ ಮೈನಸ್ 183ಕ್ಕೆ. ಅಂತರ ಹದಿಮೂರು ಡಿಗ್ರಿ. ಕಾರ್ಲ್ ವಾನ್ ಲಿಂಡೆ 1910ರ ವೇಳೆಗೆ ಎರಡು ಗೋಪುರಗಳನ್ನು ಜೋಡಿಸಿ ಎರಡನ್ನೂ ಶುದ್ಧವಾಗಿ ಬೇರ್ಪಡಿಸುವ ಯಂತ್ರ ಕಟ್ಟಿದ. 2021ರ ಕೋವಿಡ್ ಎರಡನೇ ಅಲೆಯಲ್ಲಿ ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಿಂದ ಆಸ್ಪತ್ರೆಗಳಿಗೆ ಟ್ಯಾಂಕರುಗಳಲ್ಲಿ ಹೊರಟ ದ್ರವ ಆಕ್ಸಿಜನ್ ಇಂಥ ಗೋಪುರಗಳ ಉತ್ಪನ್ನ.

ಆದರೆ ಮೆಟ್ಟಿಲು ಎಲ್ಲ ಮಿಶ್ರಣಗಳಲ್ಲೂ ತುದಿಯವರೆಗೆ ಹೋಗುವುದಿಲ್ಲ. ಕಾಕಂಬಿಯನ್ನು ಹುದುಗಿಸಿದರೆ ಶೇಕಡಾ ಹತ್ತರ ಆಸುಪಾಸಿನ ಆಲ್ಕೊಹಾಲ್ ಸಿಗುತ್ತದೆ. ಅದನ್ನು ಬಟ್ಟಿ ಇಳಿಸುತ್ತ ಹೋದರೆ ಎಥನಾಲ್ ತೂಕದಲ್ಲಿ ಶೇಕಡಾ 95.6 ಆಗುತ್ತಿದ್ದಂತೆ ಗಾಡಿ ನಿಂತುಬಿಡುತ್ತದೆ. ಶುದ್ಧ ಎಥನಾಲಿನ ಕುದಿಬಿಂದು 78.4 ಡಿಗ್ರಿ, ಈ ಮಿಶ್ರಣದ್ದು 78.2. ಇಲ್ಲಿ ದ್ರವದ ಸಂಯೋಜನೆಯೂ ಆವಿಯ ಸಂಯೋಜನೆಯೂ ಒಂದೇ ಆದ್ದರಿಂದ ಇನ್ನೂ ನೂರು ತಟ್ಟೆ ಸೇರಿಸಿದರೂ ಗಿಟ್ಟುವುದು ಅದೇ. ಇಂಥ ಮಿಶ್ರಣಕ್ಕೆ ಅಜಿಯೋಟ್ರೋಪ್ ಎಂದು ಹೆಸರು. ನೀರಿನ ಮತ್ತು ಎಥನಾಲಿನ ಅಣುಗಳಿಗೆ ಪರಸ್ಪರರಿಗಿಂತ ತಮ್ಮ ತಮ್ಮವರ ಸಹವಾಸವೇ ಹೆಚ್ಚು ಹಿತ. ಬೆರೆತಾಗ ರೌಲ್ಟನ ಲೆಕ್ಕಕ್ಕಿಂತ ಹೆಚ್ಚು ಅಣುಗಳು ತಪ್ಪಿಸಿಕೊಳ್ಳುತ್ತವೆ. ತದ್ವಿರುದ್ಧ ಸ್ವಭಾವದ ಜೋಡಿಗಳೂ ಇವೆ. ನೀರು ಮತ್ತು ನೈಟ್ರಿಕ್ ಆಮ್ಲ ಒಂದನ್ನೊಂದು ಗಟ್ಟಿಯಾಗಿ ಹಿಡಿದುಕೊಂಡು, ಶೇಕಡಾ 68ರ ಹತ್ತಿರ, ಎರಡರ ಕುದಿಬಿಂದುವಿಗಿಂತಲೂ ಮೇಲೆ, 120 ಡಿಗ್ರಿ ಚಿಲ್ಲರೆಗೆ ಕುದಿಯುತ್ತವೆ. ಪ್ರಯೋಗಾಲಯದ ನೈಟ್ರಿಕ್ ಆಮ್ಲದ ಬಾಟಲಿಯ ಮೇಲೆ ಆ ಅಂಕಿಯೇ ಅಚ್ಚಾಗಿರುವುದು ಆಕಸ್ಮಿಕವಲ್ಲ.

ಔಷಧಿಗೋ ಸುಗಂಧಕ್ಕೋ ಆದರೆ 95ರ ಸ್ಪಿರಿಟ್ ಸಾಕು. ಪೆಟ್ರೋಲಿಗೆ ಬೆರೆಸಲು ಆಗದು: ನೀರು ಉಳಿದರೆ ಟ್ಯಾಂಕಿನೊಳಗೆ ಪದರ ಬೇರೆಯಾಗುವ ಅಪಾಯ. 1902ರಲ್ಲಿ ಸಿಡ್ನಿ ಯಂಗ್ ಒಂದು ಉಪಾಯ ಹೂಡಿದ. ಸ್ಪಿರಿಟ್ಟಿಗೆ ಬೆಂಜೀನ್ ಸೇರಿಸಿ ಬಟ್ಟಿ ಇಳಿಸಿದರೆ ಮೂರೂ ಸೇರಿದ ಹೊಸ ಅಜಿಯೋಟ್ರೋಪ್ 65 ಡಿಗ್ರಿಗೇ ಕುದಿದು ನೀರನ್ನು ಹೊತ್ತುಕೊಂಡು ಹೋಗುತ್ತದೆ, ತಳದಲ್ಲಿ ನಿರ್ಜಲ ಎಥನಾಲ್ ಉಳಿಯುತ್ತದೆ. ಮುಳ್ಳನ್ನು ಮುಳ್ಳಿನಿಂದಲೇ ತೆಗೆದ ಈ ಜಾಣತನ ಹಲವು ದಶಕ ನಡೆಯಿತು. ಬೆಂಜೀನ್ ಕ್ಯಾನ್ಸರ್‌ಕಾರಕವೆಂದು ಖಚಿತವಾದ ಮೇಲೆ ಅದರ ಜಾಗಕ್ಕೆ ಸೈಕ್ಲೋಹೆಕ್ಸೇನ್ ಬಂತು, ಆಮೇಲೆ ಆಣ್ವಿಕ ಜರಡಿ. ಈ ಜರಡಿಯ ಜಿಯೋಲೈಟ್ ಹರಳುಗಳ ರಂಧ್ರ ಮೂರು ಆಂಗ್‌ಸ್ಟ್ರಾಮ್. ನೀರಿನ ಅಣು ಅದರೊಳಗೆ ನುಸುಳುತ್ತದೆ, ಎಥನಾಲಿನ ಅಣು ಹಿಡಿಸುವುದಿಲ್ಲ. ಬೆಳಗಾವಿ, ಬಾಗಲಕೋಟೆ ಸೀಮೆಯ ಸಕ್ಕರೆ ಕಾರ್ಖಾನೆಗಳ ಡಿಸ್ಟಿಲರಿಗಳಿಂದ ಪೆಟ್ರೋಲಿನ ಶೇಕಡಾ 20ರ ಮಿಶ್ರಣಕ್ಕೆ ಹೋಗುವ ಎಥನಾಲ್ ಈ ಕೊನೆಯ ಗಡಿ ದಾಟಿಯೇ ಟ್ಯಾಂಕರ್ ಸೇರಬೇಕು. ಒತ್ತಡವನ್ನು ವಾಯುಮಂಡಲದ ಹತ್ತನೇ ಒಂದು ಪಾಲಿಗೆ ಇಳಿಸಿದರೆ ನೀರು–ಎಥನಾಲ್ ಅಜಿಯೋಟ್ರೋಪ್ ಹೆಚ್ಚುಕಡಿಮೆ ಮಾಯವಾಗುತ್ತದೆ. ಆದರೂ ಅಷ್ಟು ದೊಡ್ಡ ಗೋಪುರದಲ್ಲಿ ನಿರ್ವಾತ ಕಾಯುವ ಖರ್ಚಿಗಿಂತ ಜರಡಿಯೇ ಅಗ್ಗ.

ಬೆರೆಯಲೊಲ್ಲದ ದ್ರವಗಳದ್ದು ಮತ್ತೊಂದು ದಾರಿ. ಅದಕ್ಕೆ ಮೈಸೂರಿನ ಗಂಧದೆಣ್ಣೆಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಮೊದಲ ಮಹಾಯುದ್ಧಕ್ಕೆ ಮುಂಚೆ ಮೈಸೂರು ಸಂಸ್ಥಾನದ ಶ್ರೀಗಂಧದ ಕೊರಡುಗಳು ಎಣ್ಣೆ ತೆಗೆಯಲು ಜರ್ಮನಿಗೆ ಹೋಗುತ್ತಿದ್ದವು. ಯುದ್ಧದಿಂದ ಆ ಬಾಗಿಲು ಮುಚ್ಚಿ ಗಂಧ ಗೋದಾಮುಗಳಲ್ಲಿ ಕೊಳೆಯುವ ಸ್ಥಿತಿ ಬಂದಾಗ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ, ಕೈಗಾರಿಕಾ ಇಲಾಖೆಯ ಆಲ್ಫ್ರೆಡ್ ಚಾಟರ್ಟನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಡ್‌ಬರೋ ಮತ್ತು ವಾಟ್ಸನ್ ಅವರ ನೆರವು ಪಡೆದರು. 1916ರಲ್ಲಿ ಎಣ್ಣೆ ತೆಗೆಯುವ ಕೆಲಸ ಇಲ್ಲಿಯೇ ಶುರುವಾಯಿತು.

ಗಂಧದೆಣ್ಣೆಯ ಜೀವಾಳವಾದ ಸ್ಯಾಂಟಲಾಲ್ ಕುದಿಯುವುದು ಸುಮಾರು 300 ಡಿಗ್ರಿಗೆ. ಅಷ್ಟು ಕಾಯಿಸಿದರೆ ಪರಿಮಳ ಸುಟ್ಟು ಕಮಟಾಗುತ್ತದೆ. ಆದರೆ ಎಣ್ಣೆ, ನೀರು ಬೆರೆಯದಿರುವುದರಿಂದ ಪ್ರತಿಯೊಂದೂ ಇನ್ನೊಂದು ಇಲ್ಲವೇ ಇಲ್ಲವೇನೋ ಎಂಬಂತೆ ತನ್ನ ಪೂರ್ಣ ಆವಿ ಒತ್ತಡ ಬೀರುತ್ತದೆ. ಎರಡರ ಮೊತ್ತ ಹೊರಗಿನ ಒತ್ತಡವನ್ನು ಮುಟ್ಟಿದರೆ ಸಾಕು, ಜೋಡಿ ಕುದಿಯುತ್ತದೆ; ಹಾಗಾಗಿ ನೂರು ಡಿಗ್ರಿಗಿಂತ ತುಸು ಕೆಳಗೇ ಎಣ್ಣೆ ಹಬೆಯ ಬೆನ್ನೇರಿ ಬರುತ್ತದೆ. ಅದಕ್ಕೆ ತೆರುವ ಬೆಲೆ ಸಮಯ. ಆ ಉಷ್ಣತೆಯಲ್ಲಿ ಸ್ಯಾಂಟಲಾಲಿನ ಪಾಲಿನ ಒತ್ತಡ ತೀರಾ ಕಡಿಮೆಯಾದ್ದರಿಂದ ಚೂರು ಎಣ್ಣೆಗೆ ಕೊಡಗಟ್ಟಲೆ ಹಬೆ ಬೇಕು. ಚೇಗಿನ ಪುಡಿ ತುಂಬಿದ ಪಾತ್ರೆಗೆ ಎರಡು ಮೂರು ದಿನ ಬಿಡದೆ ಹಬೆ ಹಾಯಿಸುವುದು ಇದಕ್ಕಾಗಿ. ತಣಿದು ಬಿದ್ದ ದ್ರವದಲ್ಲಿ ನೀರಿಗಿಂತ ಕೊಂಚ ಹಗುರವಾದ ಎಣ್ಣೆ ಮೇಲೆ ತೇಲುತ್ತದೆ, ಅದನ್ನು ಬಸಿದುಕೊಳ್ಳುತ್ತಾರೆ. ನೀಲಗಿರಿ ತೈಲ, ಮಜ್ಜಿಗೆಹುಲ್ಲಿನ ಎಣ್ಣೆ, ಕನೌಜಿನ ಅತ್ತರು ಎಲ್ಲವೂ ಇದೇ ಲೆಕ್ಕದಲ್ಲಿ ಇಳಿಯುತ್ತವೆ.

ಸಮತೋಲನ ಏಕೆ ಬರುತ್ತದೆ ಎಂಬುದಕ್ಕೆ ಎಲ್ಲಕ್ಕೂ ಅನ್ವಯಿಸುವ ಉತ್ತರ ಕೊಟ್ಟವನು ಅಮೆರಿಕದ ವಿಲಾರ್ಡ್ ಗಿಬ್ಸ್. 1876–78ರಲ್ಲಿ ಪ್ರಕಟವಾದ ಅವನ ದೀರ್ಘ ಪ್ರಬಂಧದ ಪ್ರಕಾರ ಪ್ರತಿ ಘಟಕದ ರಾಸಾಯನಿಕ ವಿಭವ, ಅಂದರೆ ಇದ್ದಲ್ಲಿಂದ ಬಿಟ್ಟುಹೋಗುವ ಒಲವು, ದ್ರವದಲ್ಲಿಯೂ ಆವಿಯಲ್ಲಿಯೂ ಸಮವಾದಾಗ ಅಣುಗಳ ಒಟ್ಟು ಸಾಗಾಟ ನಿಲ್ಲುತ್ತದೆ. 1901ರಲ್ಲಿ ಲೂಯಿಸ್ ಇದನ್ನು ಒತ್ತಡದ ಭಾಷೆಗೆ ಇಳಿಸಿ ಫ್ಯುಗಾಸಿಟಿ ಎಂಬ ಪರಿಮಾಣ ತಂದ. ತತ್ವ ಸಿಕ್ಕಿತು, ಅಂಕಿ ಸಿಗಬೇಕಲ್ಲ? ಮಾರುಕಟ್ಟೆಯಲ್ಲಿರುವ ಸಾವಿರಾರು ರಾಸಾಯನಿಕಗಳನ್ನು ಜೋಡಿ ಜೋಡಿಯಾಗಿ ಬೆರೆಸಿ ಅಳೆಯುತ್ತ ಕೂತರೆ ತಲೆಮಾರುಗಳು ಸಾಲವು. 1975ರಲ್ಲಿ ಫ್ರೆಡೆನ್‌ಸ್ಲುಂಡ್, ಜೋನ್ಸ್, ಪ್ರಾಸ್ನಿಟ್ಜ್ ಮೂವರು ಅಣುವನ್ನು ತುಣುಕುಗಳಾಗಿ ನೋಡುವ ಯುನಿಫ್ಯಾಕ್ ವಿಧಾನವನ್ನು ಮುಂದಿಟ್ಟರು. ಎಥನಾಲ್ ಅವರಿಗೆ ಮೀಥೈಲ್, ಮೆಥಿಲೀನ್, ಹೈಡ್ರಾಕ್ಸಿಲ್ ತುಣುಕುಗಳ ಸರ. ತುಣುಕುಗಳ ನಡುವಿನ ಒಲವು–ಮುನಿಸು ಗೊತ್ತಿದ್ದರೆ ಎಂದೂ ಬೆರೆಸದ ಜೋಡಿಯ ವರ್ತನೆಯನ್ನೂ ಅಂದಾಜಿಸಬಹುದು. ಅಂದಾಜು ಎಂಬ ಮಾತಿಗೆ ಇಲ್ಲಿ ತೂಕವಿದೆ: ಅಸಿಟಿಕ್ ಆಮ್ಲದಂಥವುಗಳ ಅಣುಗಳು ಆವಿಯಲ್ಲೂ ಎರಡೆರಡಾಗಿ ಕೈಹಿಡಿದುಕೊಂಡೇ ಓಡಾಡುವುದರಿಂದ ಸಾಮಾನ್ಯ ಲೆಕ್ಕ ಕೈಕೊಡುತ್ತದೆ. ದುಬಾರಿ ಗೋಪುರ ಕಟ್ಟುವ ಮುನ್ನ ಎಂಜಿನಿಯರುಗಳು ಈಗಲೂ ಅಳತೆಯ ಅಂಕಿಗಳನ್ನೇ ಹುಡುಕುತ್ತಾರೆ.

ದ್ರವ, ಆವಿ ಎಂಬ ಭೇದಕ್ಕೂ ಒಂದು ಕೊನೆಯಿದೆ. 1822ರಲ್ಲಿ ಕಾನ್ಯಾರ್ ದ ಲ ಟೂರ್ ಎಂಬ ಫ್ರೆಂಚ್ ವಿಜ್ಞಾನಿ ಬಂದೂಕಿನ ನಳಿಗೆಯೊಳಗೆ ದ್ರವವನ್ನೂ ಒಂದು ಗುಂಡನ್ನೂ ಹಾಕಿ ಬಿಗಿದು ಕಾಯಿಸಿ ಅಲುಗಾಡಿಸಿದ. ಒಂದು ಉಷ್ಣತೆ ದಾಟಿದ ಮೇಲೆ ಗುಂಡು ದ್ರವಕ್ಕೆ ಬಡಿಯುವ ಸದ್ದೇ ಕೇಳಿಸಲಿಲ್ಲ. 1869ರಲ್ಲಿ ಬೆಲ್‌ಫಾಸ್ಟಿನ ಥಾಮಸ್ ಆಂಡ್ರ್ಯೂಸ್ ಇಂಗಾಲದ ಡೈಆಕ್ಸೈಡಿನಲ್ಲಿ ದ್ರವ–ಆವಿ ಭೇದ ಅಳಿಯುವ ಈ ಜಾಗವನ್ನು ನಿಖರವಾಗಿ ಅಳೆದು ಕ್ರಾಂತಿಕ ಬಿಂದು ಎಂದು ಗುರುತಿಸಿದ: 31 ಡಿಗ್ರಿ, ಸುಮಾರು 74 ಬಾರ್. ನೀರಿನ ಕ್ರಾಂತಿಕ ಬಿಂದು 374 ಡಿಗ್ರಿ, 221 ಬಾರ್. ಅದಕ್ಕಿಂತ ಮೇಲೆ ಗುಪ್ತೋಷ್ಣ ಸೊನ್ನೆ, ಕುದಿಯುವುದೆಂಬ ಕ್ರಿಯೆಯೇ ಇಲ್ಲ.

ರಾಯಚೂರಿನ ಶಕ್ತಿನಗರದ ಉಷ್ಣವಿದ್ಯುತ್ ಸ್ಥಾವರದ ಹಳೆಯ ಘಟಕಗಳ ಬಾಯ್ಲರ್ ಕ್ರಾಂತಿಕ ಒತ್ತಡದ ಕೆಳಗೆ ದುಡಿಯುತ್ತದೆ. ಅದರ ನೆತ್ತಿಯಲ್ಲಿ ದಪ್ಪ ಉಕ್ಕಿನ ಡ್ರಮ್ಮೊಂದಿರುತ್ತದೆ. ನೀರು ಮತ್ತು ಉಗಿ ಅಲ್ಲಿ ಬೇರ್ಪಟ್ಟು ಉಗಿ ಟರ್ಬೈನಿಗೂ ನೀರು ಮತ್ತೆ ಕೊಳವೆಗಳಿಗೂ ಹೋಗುತ್ತವೆ. ವಿಜಯಪುರ ಜಿಲ್ಲೆಯ ಕೂಡಗಿ ಮತ್ತು ರಾಯಚೂರಿನ ಯರಮರಸ್‌ನಲ್ಲಿರುವ 800 ಮೆಗಾವಾಟ್ ಘಟಕಗಳು ಕ್ರಾಂತಿಕ ಒತ್ತಡವನ್ನು ಮೀರಿದವು. ಅಲ್ಲಿ ಕೊಳವೆಯ ಒಂದು ತುದಿಯಲ್ಲಿ ನೀರಾಗಿ ಹೊಕ್ಕದ್ದು ಎಲ್ಲೂ ಕುದಿಯದೆ ಇನ್ನೊಂದು ತುದಿಯಲ್ಲಿ ಉಗಿಯಾಗಿ ಹೊರಬೀಳುತ್ತದೆ. ಬೇರ್ಪಡಿಸಲು ಎರಡು ರೂಪಗಳಿಲ್ಲದ ಮೇಲೆ ಡ್ರಮ್ಮಿಗೇನು ಕೆಲಸ? ಘಟಕ ಚಾಲೂ ಮಾಡುವಾಗ, ಒತ್ತಡ ಇನ್ನೂ ಕೆಳಗಿರುವ ಆ ಸ್ವಲ್ಪ ಹೊತ್ತಿಗೆಂದು, ಒಂದು ಬೇರ್ಪಡಕವನ್ನಷ್ಟೇ ಜೋಡಿಸಿರುತ್ತಾರೆ.